ಮೆಷಿನ್ ಗಟ್ಟಿ, ಮೂತಿ ಟೊಳ್ಳು: ವ್ಯಾಕ್ಯೂಮ್ ಕ್ಲೀನರ್ ಬ್ರಷ್ಷುಗಳಿಗೆ ಏನಾಗಿದೆ?

ಹಳೇಮೋಟಾರು

ಮೊನ್ನೆ ನಮ್ಮ ವ್ಯಾಕ್ಯೂಮ್ ಕ್ಲೀನರ್‌ನ ನೆಲದ ಬ್ರಷ್ಷಿನ ಕತ್ತು ಮುರಿಯಿತು. ಕತ್ತು ಅಂದರೆ ಪೈಪು ಬಂದು ಕೂರುವ ಜಾಗ, ಹಿಂದೆ ಮುಂದೆ ಬಾಗುತ್ತದಲ್ಲ, ಅದು. ಬಿದ್ದಿದ್ದಲ್ಲ, ಯಾರೂ ತುಳಿದದ್ದಲ್ಲ. ಮಂಚದ ಕೆಳಗೆ ತಳ್ಳಿ ವಾಪಸ್ ಎಳೆದೆ. ಟಕ್ ಅಂತು. ಪೈಪು ಕೈಗೆ ಬಂತು, ಬ್ರಷ್ ಮಂಚದ ಕೆಳಗೇ ಉಳಿಯಿತು.

ಮೆಷಿನ್‌ಗೆ ಆರು ವರ್ಷ. ಮೋಟಾರಿನ ಸೆಳೆತ ಹೇಗಿದೆ ಅಂದರೆ, ಪೈಪಿಗೆ ಅಂಗೈ ಹಿಡಿದರೆ ಈಗಲೂ ಕಚ್ಚಿಕೊಳ್ಳುತ್ತದೆ. ಹೋಸ್ ಸರಿಯಿದೆ, ವೈರ್ ಸರಿಯಿದೆ. ಕತ್ತಿನ ಪಿನ್ನು ಹಿಡಿದಿದ್ದ, ಉಗುರಿನಷ್ಟಿರುವ ಪ್ಲಾಸ್ಟಿಕ್ ಕಿವಿ ಒಂದು ಮುರಿದದ್ದಕ್ಕೆ ಇಡೀ ಮೆಷಿನ್ ಮೂಲೆ ಸೇರಿದೆ. ಕಂಪನಿಯವರನ್ನು ಕೇಳಿದೆ. ಆ ಮಾಡೆಲ್ಲಿನ ಬ್ರಷ್ ಈಗ ಬರುವುದಿಲ್ಲ, ಹೊಸ ಮಾಡೆಲ್ಲಿನದು ನಿಮ್ಮ ಪೈಪಿಗೆ ಕೂರುವುದಿಲ್ಲ ಅಂದರು. ಕತ್ತು ಮಾತ್ರ ಬೇರೆಯಾಗಿ ಸಿಗುತ್ತದಾ ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಹಾಗೆ ಯಾರೂ ಕೇಳುವುದಿಲ್ಲ ಅನ್ನಿಸುತ್ತದೆ.

ಸಿಟ್ಟಿನಲ್ಲೇ ಅಟ್ಟ ಹತ್ತಿದೆ. ಅಪ್ಪನ ಕಾಲದ ಮೆಷಿನ್ ಸತ್ತು ಎಷ್ಟೋ ವರ್ಷವಾಯಿತು, ಮೋಟಾರು ಗುಜರಿಗೆ ಹೋಯಿತು. ಆದರೆ ಬ್ರಷ್ಷುಗಳ ಡಬ್ಬ ಹಾಗೇ ಇತ್ತು. ನೆಲದ ಬ್ರಷ್ ಅಲ್ಯೂಮಿನಿಯಂ ಎರಕದ್ದು. ತಿರುವಿ ನೋಡಿದೆ. ಕೂದಲೆಲ್ಲ ಒಂದು ತಗಡಿನ ಪಟ್ಟಿಗೆ ಹಿಡಿಸಿದೆ, ಪಟ್ಟಿ ಉದ್ದನೆಯ ತೋಡಿನೊಳಗೆ ಜಾರಿ ಕೂತಿದೆ, ತುದಿಯಲ್ಲಿ ಒಂದು ಸಣ್ಣ ಸ್ಕ್ರೂ. ಸ್ಕ್ರೂ ಬಿಚ್ಚಿದರೆ ಹಳೇ ಪಟ್ಟಿ ಹೊರಗೆ, ಹೊಸದು ಒಳಗೆ. ಕೂದಲು ಸವೆಯುತ್ತದೆ ಅಂತ ಮಾಡಿದವನಿಗೆ ಮೊದಲೇ ಗೊತ್ತಿತ್ತು. ಕತ್ತಿನಲ್ಲಿ ಉಕ್ಕಿನ ಪಿನ್ನು. ಈಗಲೂ ಸಲೀಸಾಗಿ ಆಡುತ್ತದೆ.

ಆಗ ಮೆಷಿನ್ ಸತ್ತರೂ ಬ್ರಷ್ ಉಳಿಯುತ್ತಿತ್ತು. ಈಗ ಬ್ರಷ್ ಸತ್ತರೆ ಮೆಷಿನ್ನೂ ಹಿಂದೆಯೇ ಹೋಗುತ್ತದೆ. ನಿಮಗೂ ಹೀಗೇ ಆಗಿದೆಯಾ, ಇಲ್ಲ ನನಗೆ ವಯಸ್ಸಾಗುತ್ತಿದೆಯಾ?

ಧೂಳುದಾಸ

ಎರಡೂ ಇರಬಹುದು ಸಾರ್.

ತಮಾಷೆ ಪಕ್ಕಕ್ಕಿಡಿ. ಆ ಅಲ್ಯೂಮಿನಿಯಂ ಬ್ರಷ್ಷನ್ನು ಹತ್ತು ನಿಮಿಷ ಬಳಸಿ, ಆಮೇಲೆ ಅಂಗೈ ನೋಡಿಕೊಳ್ಳಿ. ಬೂದು ಬಣ್ಣ ಹತ್ತಿರುತ್ತದೆ. ಅದೇ ಬೂದು ಗೆರೆ ಗೋಡೆಯ ಬುಡಕ್ಕೂ ಬೀಳುತ್ತದೆ. ಕುರ್ಚಿ ಕಾಲಿಗೆ ತಾಗಿದರೆ ಪಾಲಿಶ್ ಹೋಯಿತು ಅಂತಲೇ ಲೆಕ್ಕ. ನಮ್ಮಜ್ಜಿ ಅದರ ಸುತ್ತ ಹಳೇ ಬಟ್ಟೆ ಸುತ್ತಿ ದಾರ ಕಟ್ಟಿದ್ದರು. ಕ್ರೋಮ್ ಪೈಪುಗಳೂ ಅಷ್ಟೇ, ಎರಡು ಪೈಪು ಜೋಡಿಸಿ ಅರ್ಧ ಗಂಟೆ ತಳ್ಳಿದರೆ ಭುಜ ಹಿಡಿದುಕೊಳ್ಳುತ್ತಿತ್ತು. ಹೋಸ್ ಅಂದರೆ ಉಕ್ಕಿನ ತಂತಿ ಸುರುಳಿ, ಅದರ ಮೇಲೆ ನೇಯ್ದ ಬಟ್ಟೆ. ನೋಡಲು ಚಂದ. ಬಟ್ಟೆ ಸವೆದ ಕಡೆಯೆಲ್ಲ ಗಾಳಿ ಸೋರುತ್ತಿತ್ತು, ಅರ್ಧ ಸೆಳೆತ ದಾರಿಯಲ್ಲೇ ಖರ್ಚು.

ಹಳೆಯದು ಗಟ್ಟಿ, ಒಪ್ಪಿದೆ. ಹಳೆಯದು ಚೆನ್ನಾಗಿ ಗುಡಿಸುತ್ತಿತ್ತು ಅನ್ನುವುದನ್ನು ಒಪ್ಪಲಾರೆ.

ಅಚ್ಚುಮನೆ

ನಾನು ಪ್ಲಾಸ್ಟಿಕ್ ಮೋಲ್ಡಿಂಗ್ ಕೆಲಸದವನು. ಈ ಬ್ರಷ್ಷುಗಳನ್ನಲ್ಲ, ಬೇರೆ ಸಾಮಾನು ಮಾಡುತ್ತೇವೆ. ಆದರೂ ಒಂದು ಮಾತು. ಬೈಯುವುದಾದರೆ ಬೈಯಿರಿ, ಪ್ಲಾಸ್ಟಿಕ್ಕನ್ನೇ ಬೈಯಬೇಡಿ. ಗಾಜಿನ ನಾರು ಬೆರೆಸಿದ ನೈಲಾನಿನಲ್ಲಿ ಆ ಕತ್ತು ಮಾಡಿದ್ದರೆ ನಿಮ್ಮ ಮೊಮ್ಮಕ್ಕಳೂ ಬಳಸುತ್ತಿದ್ದರು.

ಹಾಳಾಗುವುದು ಮೂರು ಕಡೆ. ಒಂದು, ದಪ್ಪ. ಅಚ್ಚಿನೊಳಗೆ ಬಿಸಿ ಪ್ಲಾಸ್ಟಿಕ್ ಹೋದ ಮೇಲೆ ಅದು ತಣ್ಣಗಾಗುವವರೆಗೆ ಕಾಯಬೇಕು. ಗೋಡೆಯ ದಪ್ಪ ಎರಡು ಪಟ್ಟಾದರೆ ಕಾಯುವ ಹೊತ್ತು ನಾಲ್ಕು ಪಟ್ಟು. 3 ಮಿಲಿಮೀಟರ್ ಇದ್ದದ್ದನ್ನು 2ಕ್ಕೆ ಇಳಿಸಿದರೆ ಕಾಯುವ ಹೊತ್ತು ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಪ್ಲಾಸ್ಟಿಕ್ ಉಳಿಸಲು ತೆಳ್ಳಗೆ ಮಾಡುತ್ತಾರೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಪ್ಲಾಸ್ಟಿಕ್ಕಿಗಿಂತ ಜಾಸ್ತಿ ಉಳಿಯುವುದು ಮೆಷಿನ್ನಿನ ಹೊತ್ತು.

ಎರಡು, ಮೂಲೆ. ಒಳಮೂಲೆ ಚೂಪಾಗಿದ್ದರೆ ಬಿರುಕು ಅಲ್ಲಿಂದಲೇ ಹುಟ್ಟುತ್ತದೆ. ಸ್ವಲ್ಪ ಗುಂಡಗೆ ಮಾಡಿದರೆ ಸಾಕು, ಅದಕ್ಕೆ ಖರ್ಚೇ ಇಲ್ಲ. ಆದರೂ ಮಾಡುವುದಿಲ್ಲ. ಇದಕ್ಕೆ ಮಾತ್ರ ನನಗೂ ಸಿಟ್ಟು ಬರುತ್ತದೆ.

ಮೂರನೆಯದು ಯಾರ ಕಣ್ಣಿಗೂ ಬೀಳುವುದಿಲ್ಲ. ಪಿನ್ ಕೂರುವ ತೂತು ಇದೆಯಲ್ಲ, ಅಚ್ಚಿನಲ್ಲಿ ಅಲ್ಲೊಂದು ಉಕ್ಕಿನ ಕಡ್ಡಿ ನಿಂತಿರುತ್ತದೆ. ಕರಗಿದ ಪ್ಲಾಸ್ಟಿಕ್ ಹೊಳೆಯಂತೆ ಬಂದು ಕಡ್ಡಿಗೆ ಬಡಿದು ಎರಡಾಗಿ ಒಡೆದು, ಆಚೆ ಬದಿಯಲ್ಲಿ ಮತ್ತೆ ಸೇರುತ್ತದೆ. ಅಷ್ಟರಲ್ಲಿ ಮುಂದಿನ ತುದಿ ಸ್ವಲ್ಪ ಆರಿರುತ್ತದೆ. ಸರಿಯಾಗಿ ಬೆರೆಯುವುದಿಲ್ಲ. ಸೇರಿದ ಕಡೆ ಕೂದಲೆಳೆಯಂಥ ಗೆರೆ ಉಳಿಯುತ್ತದೆ. ನಾವು ಅದನ್ನು ವೆಲ್ಡ್ ಲೈನ್ ಅನ್ನುತ್ತೇವೆ. ಕಿವಿಯಲ್ಲಿ ಎಲ್ಲಕ್ಕಿಂತ ಸೊರಗಿದ ಜಾಗ ಅದು. ಎಳೆತ ಜಾಸ್ತಿ ಬೀಳುವುದೂ ಅಲ್ಲೇ.

ಹಳೇಮೋಟಾರು ಅವರೇ, ಮುರಿದ ಚೂರು ಇಟ್ಟಿದ್ದರೆ ಬೆಳಕಿಗೆ ಹಿಡಿದು ನೋಡಿ. ಬಿರುಕು ತೂತಿನಿಂದ ನೇರವಾಗಿ ಅಂಚಿಗೆ ಹೋಗಿದೆಯಾ, ಇಲ್ಲ ಎಲ್ಲೆಂದರಲ್ಲಿ ಒಡೆದಿದೆಯಾ?

ಹಳೇಮೋಟಾರು

ನೋಡಿದೆ. ಸ್ಕೇಲ್ ಇಟ್ಟು ಕತ್ತರಿಸಿದ ಹಾಗಿದೆ! ತೂತಿನಿಂದ ಅಂಚಿಗೆ ನೆಟ್ಟಗೆ. ಮುರಿಯದೆ ಉಳಿದ ಇನ್ನೊಂದು ಕಿವಿಯಲ್ಲೂ ಅದೇ ಜಾಗದಲ್ಲಿ ಒಂದು ಗೆರೆ ಇದೆ. ಉಗುರು ಆಡಿಸಿದರೆ ತಾಕುತ್ತದೆ. ಆರು ವರ್ಷ ನಾನು ಅದನ್ನು ಗೀರು ಅಂದುಕೊಂಡಿದ್ದೆ.

ಅಂದರೆ ಹುಟ್ಟಿದ ದಿನವೇ ಅಲ್ಲಿ ಮುರಿಯುವುದು ಬರೆದಿತ್ತು ಅಂತಾಯಿತು.

ಅಚ್ಚುಮನೆ

ಹಾಗೇನಿಲ್ಲ. ಪ್ಲಾಸ್ಟಿಕ್ ಒಳಗೆ ಹೋಗುವ ಬಾಯಿಯ ಜಾಗ ಬದಲಿಸಿದರೆ ಗೆರೆಯೂ ಜರುಗುತ್ತದೆ, ಎಳೆತ ಬೀಳದ ಕಡೆಗೆ ತಳ್ಳಬಹುದು. ಅಚ್ಚು ಮಾಡುವಾಗ ಯಾರಾದರೂ ಅರ್ಧ ದಿನ ಕೂತು ಯೋಚಿಸಬೇಕು ಅಷ್ಟೆ.

ಚೂರಿನ ಒಳಬದಿಯಲ್ಲಿ ಏನಾದರೂ ಅಕ್ಷರ ಇದೆಯಾ ನೋಡಿ. ಎಬಿಎಸ್ ಅಥವಾ ಪಿಪಿ ಅಂತ ಇರುತ್ತದೆ, ಎರಡೂ ಪ್ಲಾಸ್ಟಿಕ್ಕಿನ ಜಾತಿಯ ಹೆಸರು. ಅಂಟಿಸುವ ದಾರಿ ಅದರ ಮೇಲೆ ನಿಂತಿದೆ. ಅಕ್ಷರ ಇಲ್ಲದಿದ್ದರೆ ನೀರಿಗೆ ಹಾಕಿ. ಪಿಪಿ ತೇಲುತ್ತದೆ, ಎಬಿಎಸ್ ಮುಳುಗುತ್ತದೆ.

ಎರಡನೇಮಹಡಿ

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನನ್ನದು ಬ್ರಷ್ಷೇ ಕಳೆದುಹೋಗಿದೆ, ಮನೆ ಬದಲಿಸುವಾಗ. ಯಾವುದಕ್ಕಾದರೂ ಕೂರುತ್ತದೆ ಅಂತ ಪೆಟ್ಟಿಗೆ ಮೇಲೆ ಬರೆದಿದ್ದ ಬ್ರಷ್ ತರಿಸಿದೆ. ಕೂರಲಿಲ್ಲ. ಜೊತೆಗೆ ಕೊಟ್ಟಿದ್ದ ರಬ್ಬರ್ ಬಳೆ ಹಾಕಿದರೆ ಬಿಗಿ, ತೆಗೆದರೆ ಲೊಡಲೊಡ. ಅಳತೆ ಹೇಗೆ ನೋಡಬೇಕು?

ಸ್ಕ್ರೂಡ್ರೈವರ್

ಮೇಡಂ ಅಥವಾ ಸರ್, ಬ್ರಷ್ ತರಿಸುವ ಮೊದಲು ಪೈಪಿನ ತುದಿ ಅಳೆಯಬೇಕು. ಮನೆಯಲ್ಲಿ ಬಳಸುವ ಮೆಷಿನ್‌ಗಳಲ್ಲಿ ಹೆಚ್ಚಾಗಿ ಎರಡು ಅಳತೆ, 32 ಮಿಲಿಮೀಟರ್ ಮತ್ತು 35 ಮಿಲಿಮೀಟರ್. 32 ಅಂದರೆ ಹಳೆಯ ಒಂದೂಕಾಲು ಇಂಚು. ಮೂರು ಮಿಲಿಮೀಟರ್ ತಾನೇ ಅನ್ನಬೇಡಿ, ಬಾಯಿಯ ವಿಸ್ತೀರ್ಣ ಲೆಕ್ಕ ಹಾಕಿದರೆ 35ರದ್ದು ಸುಮಾರು ಐದನೇ ಒಂದು ಪಾಲು ದೊಡ್ಡದು.

ಇನ್ನೊಂದು ವಿಷಯ. ಪೈಪಿನ ತುದಿ ನೆಟ್ಟಗಿರುವುದಿಲ್ಲ, ಸಣ್ಣದಾಗಿ ಇಳಿಜಾರು ಇರುತ್ತದೆ. ಬೆಣೆ ಹೊಡೆದ ಹಾಗೆ ಒಂದರೊಳಗೊಂದು ಬಿಗಿಯಾಗಲಿ ಅಂತ. ಹಾಗಾಗಿ ತುದಿಯಲ್ಲಿ ಒಂದು ಸಲ, ಎರಡು ಸೆಂಟಿಮೀಟರ್ ಹಿಂದೆ ಇನ್ನೊಂದು ಸಲ ಅಳೆಯಿರಿ. ಬ್ರಷ್ ಪೈಪಿನ ಮೇಲೆ ಕೂರುತ್ತದೋ, ಪೈಪಿನ ಒಳಗೆ ಹೋಗುತ್ತದೋ, ಅದನ್ನೂ ನೋಡಿ. ದಪ್ಪ ಅಳೆಯುವ ವರ್ನಿಯರ್ ಸಾಧನ ಇಲ್ಲದಿದ್ದರೆ ಪೈಪಿಗೆ ಕಾಗದದ ಪಟ್ಟಿ ಸುತ್ತಿ, ಗುರುತು ಹಾಕಿ, ಬಿಚ್ಚಿ ಸ್ಕೇಲಿನಲ್ಲಿ ಅಳೆದು 3.14ರಿಂದ ಭಾಗಿಸಿ. ಟೇಪಿನಲ್ಲಿ ಅಡ್ಡ ಹಿಡಿದು ಕಣ್ಣಳತೆ ಮಾಡಿದರೆ ಎರಡು ಮಿಲಿಮೀಟರ್ ತಪ್ಪುವುದು ಗ್ಯಾರಂಟಿ.

ಮೂಲ ಪೋಸ್ಟಿನ ಮಾತಿಗೆ ಬರುತ್ತೇನೆ. ನನ್ನ ಪ್ರಕಾರ ಕೆಟ್ಟದ್ದು ಗಟ್ಟಿತನ ಅಲ್ಲ, ಈ ಜೋಡಣೆ. ಸುಮ್ನೆ ತಳ್ಳಿ ತಿರುಗಿಸಿ ಕೂರಿಸುವ ಕಾಲದಲ್ಲಿ ಯಾರದೋ ಬ್ರಷ್ ಯಾರದೋ ಮೆಷಿನ್‌ಗೆ ಹಾಕಬಹುದಿತ್ತು. ಆಮೇಲೆ ಗುಂಡಿ ಒತ್ತಿದರೆ ಟಕ್ ಅಂತ ಕೂರುವ ಬೀಗ ಬಂತು. ಅನುಕೂಲ ನಿಜ, ಕೆಲಸದ ಮಧ್ಯೆ ಪೈಪು ಕಳಚುವುದಿಲ್ಲ. ಆದರೆ ಆ ಗುಂಡಿಯ ಜಾಗ ಪ್ರತಿ ಕಂಪನಿಗೂ ಬೇರೆ. ಒಂದೇ ಕಂಪನಿಯ ಎರಡು ಮಾಡೆಲ್ಲಿಗೂ ಬೇರೆ. ಹಳೇಮೋಟಾರು ಅವರ ಮೆಷಿನ್ ಮೂಲೆ ಸೇರಿದ್ದು ಕಿವಿ ಮುರಿದದ್ದಕ್ಕಲ್ಲ. ಇನ್ನೊಂದು ಬ್ರಷ್ ಹಾಕಲು ಆಗದ್ದಕ್ಕೆ.

ಬೆಕ್ಕಿನಮನೆ

ನಮ್ಮಲ್ಲಿ ಮೂರು ಬೆಕ್ಕು. ಹಾಗಾಗಿ ತಿರುಗುವ ಬ್ರಷ್ಷಿನ ಬಗ್ಗೆ ಮಾತಾಡುವ ಹಕ್ಕು ನನಗಿದೆ.

ಮೊದಲು ಇದ್ದದ್ದು ಗಾಳಿಯಿಂದ ತಿರುಗುವ ಟರ್ಬೊ ಬ್ರಷ್. ಒಳಗೊಂದು ಪುಟ್ಟ ಚಕ್ರ, ಸೆಳೆಯುವ ಗಾಳಿಯೇ ಅದನ್ನು ತಿರುಗಿಸುತ್ತದೆ, ಅದು ಬೆಲ್ಟಿನಿಂದ ಬ್ರಷ್ಷನ್ನು ತಿರುಗಿಸುತ್ತದೆ. ಕೇಳಲು ಚಂದ. ಆದರೆ ಕಸ ಎಳೆಯಬೇಕಾದ ಗಾಳಿಯಲ್ಲೇ ಚಕ್ರಕ್ಕೂ ಪಾಲು ಕೊಡಬೇಕಲ್ಲ. ದಪ್ಪ ಕಾರ್ಪೆಟ್ಟಿಗೆ ಒತ್ತಿದರೆ ಸುತ್ತುವುದೇ ನಿಂತುಹೋಗುತ್ತಿತ್ತು.

ಒಂದು ದಿನ ಸುಟ್ಟ ವಾಸನೆ. ಬಿಚ್ಚಲು ಹೋದರೆ ಸ್ಕ್ರೂ ಇಲ್ಲ, ಎರಡು ಚಿಪ್ಪನ್ನು ಸೇರಿಸಿ ಬೆಸೆದುಬಿಟ್ಟಿದ್ದಾರೆ. ಚಾಕು ತೂರಿಸಿ ಎಬ್ಬಿಸಿದೆ. ಬ್ರಷ್ಷಿನ ದಿಂಡಿನ ತುದಿಯಲ್ಲಿ ಕೂದಲು ಸುತ್ತಿ ಸುತ್ತಿ ಹಗ್ಗದ ಬಳೆಯಾಗಿತ್ತು. ಅರ್ಧ ಬೆಕ್ಕಿನದು, ಅರ್ಧ ನನ್ನದೇ. ಕತ್ತರಿ ಹೋಗಲಿಲ್ಲ, ಬ್ಲೇಡಿನಲ್ಲಿ ಕೊಯ್ದು ತೆಗೆದೆ. ಕೆಳಗೆ ಬೇರಿಂಗ್ ಇರಬಹುದು ಅಂದುಕೊಂಡಿದ್ದೆ. ಇರಲಿಲ್ಲ. ಕಬ್ಬಿಣದ ಕಡ್ಡಿ ನೇರವಾಗಿ ಪ್ಲಾಸ್ಟಿಕ್ ತೂತಿನಲ್ಲಿ ತಿರುಗುತ್ತಿತ್ತು. ಕೂದಲು ಬಿಗಿದು, ಬಿಸಿಯಾಗಿ, ತೂತು ಕರಗಿ ಮೊಟ್ಟೆಯಾಕಾರಕ್ಕೆ ಬಂದಿತ್ತು.

ಅಮ್ಮನ ಮನೆಯ, ನೆಟ್ಟಗೆ ನಿಲ್ಲುವ ಹಳೇ ಮೆಷಿನ್ನಿನಲ್ಲಿ ದಿಂಡು ಮರದ್ದು. ತುದಿಯಲ್ಲಿ ಲೋಹದ ಮುಚ್ಚಳ, ಒಳಗೆ ಬಾಲ್ ಬೇರಿಂಗ್. ಮುಚ್ಚಳ ತಿರುಗಿಸಿದರೆ ಬಿಚ್ಚುತ್ತದೆ. ಅಮ್ಮ ವರ್ಷಕ್ಕೊಮ್ಮೆ ಅದನ್ನು ಬಿಚ್ಚಿ, ಒರೆಸಿ, ಬೆಲ್ಟ್ ಬದಲಿಸುತ್ತಿದ್ದರು. ಹೊಲಿಗೆ ಮೆಷಿನ್‌ಗೆ ಎಣ್ಣೆ ಬಿಡುವಷ್ಟೇ ಸಲೀಸಾದ ಕೆಲಸ.

ಧೂಳುದಾಸ

ಮರದ ದಿಂಡು ಅಂದಿರಲ್ಲ, ಕತೆ ನೆನಪಾಯಿತು. ತಿರುಗುವ ಬ್ರಷ್ ಇರುವ ಕರೆಂಟಿನ ವ್ಯಾಕ್ಯೂಮ್ ಕ್ಲೀನರ್‌ಗೆ ಹೆಸರಾದವನು ಅಮೆರಿಕದ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್. ಅಂಗಡಿ ಕಟ್ಟಡವೊಂದರಲ್ಲಿ ಗುಡಿಸುವ ಕೆಲಸ ಮಾಡುತ್ತಿದ್ದ, ಧೂಳಿಗೆ ಉಬ್ಬಸ ಬರುತ್ತಿತ್ತು. ಫ್ಯಾನಿನ ಮೋಟಾರು, ಪೆಟ್ಟಿಗೆ, ಪೊರಕೆ ಹಿಡಿ, ಧೂಳು ತುಂಬಲು ದಿಂಬಿನ ಚೀಲ, ಇಷ್ಟನ್ನು ಸೇರಿಸಿ ಮುಂದೊಂದು ತಿರುಗುವ ಬ್ರಷ್ ಇಟ್ಟ. 1908ರಲ್ಲಿ ಪೇಟೆಂಟ್ ಸಿಕ್ಕಿತು. ಅದನ್ನು ಕೊಂಡವರೇ ಮುಂದೆ ವ್ಯಾಕ್ಯೂಮ್ ಕ್ಲೀನರ್‌ಗೆ ಹೆಸರಾದ ಹೂವರ್ ಕಂಪನಿಯವರು. 1926ರಲ್ಲಿ ಅವರು ಆ ದಿಂಡಿಗೆ ಲೋಹದ ಪಟ್ಟಿ ಸೇರಿಸಿದರು. ಪಟ್ಟಿ ಕಾರ್ಪೆಟ್ಟನ್ನು ಬಡಿಯುತ್ತದೆ, ಕೂದಲು ಗುಡಿಸುತ್ತದೆ.

ಅದಕ್ಕೂ ಮೊದಲು 1901ರಲ್ಲಿ ಇಂಗ್ಲೆಂಡಿನ ಹ್ಯೂಬರ್ಟ್ ಸೆಸಿಲ್ ಬೂತ್ ಮಾಡಿದ ಮೆಷಿನ್ ಕುದುರೆ ಗಾಡಿಯ ಮೇಲೆ ಬೀದಿಯಲ್ಲೇ ನಿಲ್ಲುತ್ತಿತ್ತು. ಕಿಟಕಿಯೊಳಗೆ ಉದ್ದನೆಯ ಹೋಸ್ ಬಿಟ್ಟು ಮನೆ ಗುಡಿಸುತ್ತಿದ್ದರು. ಮನೆಯೊಳಗೆ ಬರುತ್ತಿದ್ದದ್ದು ಹೋಸು, ಮೂತಿ ಅಷ್ಟೇ. ಮನೆಯವರ ಪಾಲಿಗೆ ಮೂತಿಯೇ ಮೆಷಿನ್ ಅನ್ನಿ.

ಆಮೇಲೆ ಉರುಳೆಯಾಕಾರದ ಮೆಷಿನ್ ಬಂತು. ಎಲೆಕ್ಟ್ರೋಲಕ್ಸ್ ಕಂಪನಿ 1921ರಲ್ಲಿ ಬಿಟ್ಟದ್ದು ಹೆಸರು ಮಾಡಿತು. ನೆಲದ ಮೇಲೆ ಜಾರಿಸಿಕೊಂಡು ಹೋಗುವಂಥದ್ದು. ಹೋಸ್ ಮೆಷಿನ್ನಿನ ಜೊತೆಗೇ ಬಂದ ಮೇಲೆ ಮೂತಿಗಳ ಜಾತ್ರೆ ಶುರು. ಹಳೇ ಪೆಟ್ಟಿಗೆಗಳಲ್ಲಿ ಪೇಂಟ್ ಸ್ಪ್ರೇ ಮಾಡುವ ಡಬ್ಬವೂ ಇರುತ್ತಿತ್ತು. ಗಾಳಿ ಹೊರಬರುವ ಕಡೆಗೆ ಹೋಸ್ ಸಿಕ್ಕಿಸಿ ಬಣ್ಣ ಊದುವುದು! ಅದನ್ನು ನಿಜವಾಗಿ ಬಳಸಿದವರನ್ನು ನಾನಂತೂ ನೋಡಿಲ್ಲ. ಆಗಿನ ಎಲ್ಲ ಮೂತಿಗಳೂ ಉಪಯೋಗಕ್ಕೆ ಬರುತ್ತಿದ್ದವು ಅಂತ ಯಾರೂ ಅಂದುಕೊಳ್ಳಬೇಡಿ.

ಹಳೇಮೋಟಾರು

ಸ್ಪ್ರೇ ಡಬ್ಬ ನಮ್ಮ ಪೆಟ್ಟಿಗೆಯಲ್ಲೂ ಇದೆ. ಇದುವರೆಗೆ ಅದೇನು ಅಂತಲೇ ಗೊತ್ತಿರಲಿಲ್ಲ.

ಕೂದಲಿನ ಬಗ್ಗೆ ಯಾರೂ ಹೇಳಲಿಲ್ಲ. ಕಪಾಟು, ಪುಸ್ತಕ ಒರೆಸುವ ದುಂಡನೆಯ ಬ್ರಷ್ ಇದೆಯಲ್ಲ, ಹಳೆಯದರಲ್ಲಿ ಕುದುರೆ ಕೂದಲು. ಕೆನ್ನೆಗೆ ಒತ್ತಿ ನೋಡಿದೆ, ಮೆತ್ತಗಿದೆ. ಒತ್ತಿ ಬಿಟ್ಟರೆ ಮತ್ತೆ ನೆಟ್ಟಗೆ ನಿಲ್ಲುತ್ತದೆ. ಹೊಸ ಮೆಷಿನ್ನಿನದು ಏನೋ ಪ್ಲಾಸ್ಟಿಕ್ ಕೂದಲು. ಒಂದು ವರ್ಷಕ್ಕೆ ಒಂದೇ ಕಡೆಗೆ ವಾಲಿತು, ಗಾಳಿಗೆ ಬಿದ್ದ ಪೈರಿನ ಹಾಗೆ. ಕಪಾಟಿನ ಮೇಲೆ ಎಳೆದರೆ ಕೂದಲು ಮಲಗಿಬಿಡುತ್ತದೆ, ಅಂಚಿನ ಪ್ಲಾಸ್ಟಿಕ್ ಮರಕ್ಕೆ ಉಜ್ಜುತ್ತದೆ.

ಅಕ್ಷರ ಸಿಕ್ಕಿತು. ಎಬಿಎಸ್. ನೀರಿನಲ್ಲೂ ಮುಳುಗಿತು.

ಅಚ್ಚುಮನೆ

ಒಂದೇ ಕಡೆ ವಾಲಿದೆ ಅಂದರೆ ಪಿಪಿ ಕೂದಲು ಇರಬೇಕು. ಅದು ಬಾಗಿದರೆ ಬಾಗಿದ್ದೇ. ನೈಲಾನ್ ಆಗಿದ್ದರೆ ವಾಪಸ್ ಬರುತ್ತದೆ. ಎರಡೂ ಪ್ಲಾಸ್ಟಿಕ್ಕೇ ನೋಡಿ, ನಾನು ಹೇಳಿದ್ದು ಇದನ್ನೇ. ಬಿಸಿ ನೀರಿನಲ್ಲಿ ಅದ್ದಿ ಬಾಚಣಿಗೆಯಿಂದ ನೆಟ್ಟಗೆ ಬಾಚಿ ಆರಲು ಬಿಡಿ, ಸ್ವಲ್ಪ ಸರಿಹೋಗುತ್ತದೆ. ಕುದಿಯುವ ನೀರು ಬೇಡ.

ಎಬಿಎಸ್ ಆದದ್ದು ಒಳ್ಳೆಯದಾಯಿತು. ಪಿಪಿ ಆಗಿದ್ದರೆ ಮಾಮೂಲಿ ಅಂಟು ಯಾವುದೂ ಹಿಡಿಯುತ್ತಿರಲಿಲ್ಲ. ಎಬಿಎಸ್ ಅಸಿಟೋನಿನಲ್ಲಿ, ಅಂದರೆ ಉಗುರು ಬಣ್ಣ ತೆಗೆಯಲು ಬಳಸುವ ದ್ರಾವಕದಲ್ಲಿ, ಕರಗುತ್ತದೆ. ಮುರಿದ ಎರಡೂ ಮುಖಕ್ಕೆ ಅಸಿಟೋನ್ ಸವರಿ, ಮೆತ್ತಗಾದ ಮೇಲೆ ಒತ್ತಿ ಹಿಡಿದು, ಬಿಗಿದು ಕಟ್ಟಿ ಒಂದು ದಿನ ಬಿಡಿ. ಅಷ್ಟಕ್ಕೇ ನಿಲ್ಲಿಸಬೇಡಿ, ಎಳೆತ ಬೀಳುವ ಜಾಗ ಅದು. ಸ್ಟೇಪ್ಲರ್ ಪಿನ್ನಿನ ಆಕಾರಕ್ಕೆ ಉಕ್ಕಿನ ತಂತಿ ಬಗ್ಗಿಸಿ, ಸಾಲ್ಡರಿಂಗ್ ಐರನ್ನಿನಿಂದ ಬಿಸಿ ಮಾಡಿ, ಬಿರುಕಿಗೆ ಅಡ್ಡಲಾಗಿ ಎರಡು ಕಡೆ ಹುಗಿಯಿರಿ. ಅಸಿಟೋನ್ ಪೂರ್ತಿ ಆರಿದ ಮೇಲೆ ಮಾತ್ರ ಬಿಸಿ ತಾಗಿಸಿ, ಬೆಂಕಿ ಹತ್ತುವ ಸಾಮಾನು ಅದು. ಕಿಟಕಿ ತೆರೆದಿಡಿ. ಆ ಇನ್ನೊಂದು ಕಿವಿಗೂ ಈಗಲೇ ತಂತಿ ಹಾಕಿಬಿಡಿ, ಸರದಿ ಅದರದ್ದೇ.

ಸುಮ್ನೆಓದುಗ

ಸಾಮಾನ್ಯವಾಗಿ ಓದಿ ಹೋಗುವವನು ನಾನು. ಹೋಸ್ ಬಗ್ಗೆ ಮಾತು ಬಂದದ್ದಕ್ಕೆ ಬರೆಯುತ್ತಿದ್ದೇನೆ.

ಯುರೋಪಿಯನ್ ಒಕ್ಕೂಟದಲ್ಲಿ ಇದಕ್ಕೆ ನಿಯಮವೇ ಇದೆ. 2017ರ ಸೆಪ್ಟೆಂಬರ್‌ನಿಂದ, ಹೋಸ್ ಇರುವ ಮೆಷಿನ್ ಆದರೆ, ಹೋಸನ್ನು ಎಳೆತದಲ್ಲಿಟ್ಟು 40,000 ಸಲ ಆಡಿಸಿದರೂ ಬಳಸುವಂತಿರಬೇಕು. ಮೋಟಾರು ಕನಿಷ್ಠ 500 ಗಂಟೆ ಬಾಳಬೇಕು. ಮೋಟಾರಿನ ಬಗ್ಗೆ ಯೋಚಿಸಿದರು, ಹೋಸಿನ ಬಗ್ಗೆ ಯೋಚಿಸಿದರು. ಬ್ರಷ್ಷಿನ ಕತ್ತು ಎಷ್ಟು ಸಲ ಬಾಗಬೇಕು ಅಂತ ಲೆಕ್ಕ ಇಟ್ಟಿಲ್ಲ. ಲೆಕ್ಕ ಹಾಕಿ ನೋಡಿ, ನಿಮಿಷಕ್ಕೆ 20 ಸಲ ಮುಂದೆ ತಳ್ಳಿ ಹಿಂದೆ ಎಳೆದರೆ, ವಾರಕ್ಕೆ ಒಂದು ಗಂಟೆಯಂತೆ ವರ್ಷಕ್ಕೆ 60,000 ಸಲ ದಾಟುತ್ತದೆ. ಹಳೇಮೋಟಾರು ಅವರ ಕಿವಿ ಆರು ವರ್ಷ ಬಾಳಿದ್ದೇ ಹೆಚ್ಚು.

ಧೂಳುದಾಸ

ಅದೇ ನಿಯಮದ ಇನ್ನೊಂದು ಮುಖ ನೋಡಿ. 2014ರ ಸೆಪ್ಟೆಂಬರ್‌ನಲ್ಲಿ 1600 ವ್ಯಾಟಿಗಿಂತ ಕಡಿಮೆ ಇರಬೇಕು ಅಂದರು, 2017ರಲ್ಲಿ 900ಕ್ಕೆ ಇಳಿಸಿದರು. ಮೋಟಾರಿನ ಜೋರು ಕಡಿಮೆಯಾದಾಗ ಉಳಿದ ಕೆಲಸವೆಲ್ಲ ಮೂತಿಯ ತಲೆಗೆ ಬಂತು. ನೆಲಕ್ಕೆ ಬಿಗಿಯಾಗಿ ಅಂಟಿಕೊಳ್ಳುವ, ಸಂದಿಯಲ್ಲಿ ಗಾಳಿ ಸೋರಲು ಬಿಡದ ಬ್ರಷ್ಷುಗಳು ಬಂದವು. ಸಣ್ಣ ಧೂಳಿಗೆ ಅವು ನಿಜಕ್ಕೂ ಚೆನ್ನ. ಹಳೇ ಅಲ್ಯೂಮಿನಿಯಂ ಬ್ರಷ್ಷಿಗೂ ಇವಕ್ಕೂ ಹೋಲಿಕೆಯೇ ಇಲ್ಲ. ಆದರೆ ಒಂದು ಕಾಳು ಬಿದ್ದಿರಲಿ, ಕೆಲವು ಬ್ರಷ್ಷುಗಳು ಅದನ್ನು ಒಳಗೆ ಬಿಡುವುದೇ ಇಲ್ಲ, ಮುಂದೆ ಮುಂದೆ ತಳ್ಳಿಕೊಂಡು ಹೋಗುತ್ತವೆ. ಎತ್ತಿ ಅದರ ಮೇಲೆ ಇಡಬೇಕು.

ಆ ನಿಯಮದ ಜೊತೆ ಬಂದಿದ್ದ ಕರೆಂಟು ಬಳಕೆಯ ಲೇಬಲ್ಲನ್ನು 2018ರ ನವೆಂಬರ್‌ನಲ್ಲಿ ಅಲ್ಲಿನ ಕೋರ್ಟು ರದ್ದು ಮಾಡಿತು. ಪರೀಕ್ಷೆಯನ್ನು ಧೂಳೇ ತುಂಬದ ಖಾಲಿ ಮೆಷಿನ್ನಿನಲ್ಲಿ ಮಾಡುತ್ತಿದ್ದರು ಅನ್ನುವುದೇ ತಕರಾರು. ದಾವೆ ಹಾಕಿದ್ದು ವ್ಯಾಕ್ಯೂಮ್ ಕ್ಲೀನರ್ ಮಾಡುವ ಡೈಸನ್ ಕಂಪನಿ.

ಬೆಕ್ಕಿನಮನೆ

ಹೋಸಿಗೆ ಬಂದರೆ, ನಮ್ಮದು ಮುರಿಯಲಿಲ್ಲ, ಗಟ್ಟಿಯಾಯಿತು. ಮೊದಲು ಹಾವಿನ ಹಾಗೆ ಬಳುಕುತ್ತಿತ್ತು. ಈಗ ಎಳೆದರೆ ಮೆಷಿನ್ನನ್ನೇ ಉರುಳಿಸುತ್ತದೆ. ಹಿಡಿಯ ಮೇಲೆ ಮೆತ್ತನೆ ರಬ್ಬರಿನಂಥ ಲೇಪ ಇತ್ತು, ಅದು ಬೆಲ್ಲದ ಪಾಕದ ಹಾಗೆ ಅಂಟಂಟು. ಚಕ್ರದ ಮೆತ್ತನೆ ಪಟ್ಟಿ ಪುಡಿಪುಡಿಯಾಗಿ ಉದುರುತ್ತಿದೆ. ಗುಡಿಸುವ ಸಾಮಾನೇ ಕಸ ಹಾಕಿದರೆ ಏನು ಮಾಡಬೇಕು?

ಅಚ್ಚುಮನೆ

ನೀವು ಹೇಳಿದ್ದು ಮೂರು ಬೇರೆ ಬೇರೆ ರೋಗ. ಪಿವಿಸಿ ಹೋಸ್ ಮೆತ್ತಗಿರಲು ಅದರಲ್ಲಿ ಎಣ್ಣೆಯಂಥ ಪದಾರ್ಥ ಬೆರೆಸಿರುತ್ತಾರೆ. ವರ್ಷ ಕಳೆದಂತೆ ಅದು ಹೊರಗೆ ಹೋಗುತ್ತದೆ, ಹೋಸ್ ಸೆಟೆದುಕೊಳ್ಳುತ್ತದೆ. ಹಿಡಿಯ ಲೇಪ ಕಾಲಕ್ಕೆ ಒಡೆದು ಅಂಟಾಗುತ್ತದೆ. ಸ್ಪಿರಿಟ್ ಹಾಕಿ ಒರೆಸಿ ಪೂರ್ತಿ ತೆಗೆದುಬಿಡಿ, ಕೆಳಗಿನ ಪ್ಲಾಸ್ಟಿಕ್ ಚೆನ್ನಾಗಿರುತ್ತದೆ. ಚಕ್ರದ ಪಟ್ಟಿ ಪಾಲಿಯುರೆಥೇನ್ ಇರಬಹುದು, ಅದರಲ್ಲಿ ಕೆಲವು ಜಾತಿಗೆ ಗಾಳಿಯ ತೇವವೇ ಶತ್ರು. ಬಳಸದೆ ಇಟ್ಟರೂ ಪುಡಿಯಾಗುತ್ತದೆ.

ಅಂಗಡಿಯಲ್ಲಿ ಕೈಗೆತ್ತಿಕೊಂಡಾಗ ಮೆತ್ತಗೆ, ಹಿತವಾಗಿ ಅನ್ನಿಸಲಿ ಅಂತ ಇಟ್ಟ ಭಾಗಗಳೇ ಮೊದಲು ಹಾಳಾಗುತ್ತವೆ. ನಾನು ಈಗ ಕೊಳ್ಳುವಾಗ ಅಂಥ ಲೇಪ ಇದ್ದರೆ ವಾಪಸ್ ಇಡುತ್ತೇನೆ.

ಸ್ಕ್ರೂಡ್ರೈವರ್

ಬ್ಯಾಟರಿ ಮೆಷಿನ್‌ಗಳನ್ನು ಮರೆತೆವು. ಅವುಗಳ ಬ್ರಷ್ಷಿನಲ್ಲಿ ಸ್ವಂತ ಮೋಟಾರು ಇರುತ್ತದೆ, ಪೈಪಿನೊಳಗೇ ಕರೆಂಟು ಹೋಗುತ್ತದೆ. ಟರ್ಬೊದ ಹಾಗೆ ಗಾಳಿಯಲ್ಲಿ ಪಾಲು ಕೇಳುವುದಿಲ್ಲ. ಕೆಲವದರಲ್ಲಿ ದಿಂಡಿನ ತುದಿಯ ಮುಚ್ಚಳ ಒಂದು ನಾಣ್ಯ ಇಟ್ಟು ತಿರುಗಿಸಿದರೆ ಬಿಚ್ಚುತ್ತದೆ, ಕೂದಲು ತೆಗೆದು ಮತ್ತೆ ಹಾಕಬಹುದು. ಬೆಕ್ಕಿನಮನೆಯವರ ಅಮ್ಮ ಮಾಡುತ್ತಿದ್ದ ಕೆಲಸ ಮತ್ತೆ ಬಂದಿದೆ ಅನ್ನಿ. ಅಷ್ಟರ ಮಟ್ಟಿಗೆ ಸುಧಾರಿಸಿದೆ, ಒಪ್ಪಲೇಬೇಕು.

ಆದರೆ ಜೋಡಣೆಯ ಗೋಳು ಇನ್ನೂ ಜಾಸ್ತಿ. ಈಗ ಬರೀ ತೂತಿನ ಅಳತೆಯಲ್ಲ, ಬೀಗದ ಜಾಗ, ಕರೆಂಟಿನ ಪಿನ್ನು, ವೋಲ್ಟೇಜು ಎಲ್ಲ ಹೊಂದಬೇಕು. ಬ್ಯಾಟರಿ ಸತ್ತರೆ ಒಳ್ಳೆಯ ಬ್ರಷ್ ದಂಡ, ಬ್ರಷ್ ಸತ್ತರೆ ಒಳ್ಳೆಯ ಮೆಷಿನ್ ದಂಡ.

ಎರಡನೇಮಹಡಿ

ಕಾಗದ ಸುತ್ತಿ ಅಳೆದೆ. ತುದಿಯಲ್ಲಿ 31.6, ಹಿಂದೆ 32.1. ನಾನು ತರಿಸಿದ್ದು 35ರದ್ದು, ಅದಕ್ಕೇ ಬಳೆ ಆಟ. 32ರದ್ದು ಹಾಕಿದೆ, ಒಂದು ಸುತ್ತು ತಿರುಗಿಸಿದ ತಕ್ಷಣ ಕಚ್ಚಿ ಕೂತಿತು. ಥ್ಯಾಂಕ್ಸ್. ಅಂದಹಾಗೆ ಮೇಡಂ.

ಹಳೇಮೋಟಾರು

ಮೂರು ವಾರದ ವರದಿ. ಅಸಿಟೋನ್ ಹಾಕಿ, ತಂತಿ ಹುಗಿದು, ಎರಡೂ ಕಿವಿಗೆ ಹೊಲಿಗೆ ಹಾಕಿದ ಹಾಗೆ ಮಾಡಿದ್ದೇನೆ. ನೋಡಲು ಆಪರೇಷನ್ ಆದ ಹಾಗಿದೆ. ಮಂಚದ ಕೆಳಗೆ ದಿನಾ ತಳ್ಳಿ ಎಳೆದಿದ್ದೇನೆ, ಅಲುಗಿಲ್ಲ.

ಈಗ ಹೊಸ ತಾಪತ್ರಯ. ಅಂಟು ಆರಲಿ ಅಂತ ಕಾಯುವಾಗ ತಡೆಯಲಾರದೆ ಅಪ್ಪನ ಅಲ್ಯೂಮಿನಿಯಂ ಬ್ರಷ್ಷನ್ನು ಎರಡನೇ ಪೈಪಿಗೆ ಹಾಕಿದ್ದೆ. ಸ್ವಲ್ಪ ಸಡಿಲ ಇತ್ತು, ಬ್ರಷ್ಷಿನ ಕತ್ತಿಗೆ ಎರಡು ಸುತ್ತು ಟೇಪು ಸುತ್ತಿ ಪ್ಲಾಸ್ಟಿಕ್ ಪೈಪಿನೊಳಗೆ ಗುದ್ದಿದೆ. ಈಗ ಈಚೆಗೆ ಬರುತ್ತಿಲ್ಲ. ಮಗ ಒಂದು ಕಡೆ, ನಾನೊಂದು ಕಡೆ ಹಿಡಿದು ಎಳೆದೆವು. ಇಬ್ಬರೂ ಕೂತಲ್ಲೇ ಜಾರಿದೆವು, ಅದು ಜಾರಲಿಲ್ಲ.

ಸ್ಕ್ರೂಡ್ರೈವರ್

ಎಳೆಯಬೇಡಿ. ಪ್ಲಾಸ್ಟಿಕ್ ಹೊರಗಿದೆ ತಾನೇ? ಬಿಸಿಗೆ ಅದು ಅಲ್ಯೂಮಿನಿಯಂಗಿಂತ ಜಾಸ್ತಿ ಹಿಗ್ಗುತ್ತದೆ. ಕೂದಲು ಒಣಗಿಸುವ ಡ್ರೈಯರ್ ತಗೊಂಡು ಪೈಪಿನ ತುದಿಯ ಸುತ್ತ ಎರಡು ನಿಮಿಷ ಆಡಿಸಿ, ಒಂದೇ ಕಡೆ ಹಿಡಿಯಬೇಡಿ. ಆಮೇಲೆ ತಿರುಗಿಸುತ್ತಾ ಬಿಡಿಸಿ.

ಹಳೇಮೋಟಾರು

ಬಂತು. ಟೇಪು ಮಾತ್ರ ಪೈಪಿನೊಳಗೇ ಉಳಿದಿದೆ. ಮಗ ಚಿಮಟ ಹುಡುಕುತ್ತಿದ್ದಾನೆ.